ಫೈರ್ ಇಂಜಿನ್ ಬರುವ ತನಕ

ನಮ್ಮೂರಿನಿಂದ ತಾಲ್ಲೂಕು ಅಗ್ನಿಶಾಮಕ ಠಾಣೆಗೆ 18 ಕಿಲೋಮೀಟರ್. ಫೋನ್ ಹೋದ ಒಂದೇ ನಿಮಿಷಕ್ಕೆ ಗಾಡಿ ಠಾಣೆಯ ಗೇಟು ದಾಟಿತು ಎಂದೇ ಇಟ್ಟುಕೊಳ್ಳಿ. ನಾಲ್ಕೈದು ಸಾವಿರ ಲೀಟರ್ ನೀರು ಹೊತ್ತ ಲಾರಿ ನಮ್ಮ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದರೂ 27 ನಿಮಿಷ ಹಿಡಿಯುತ್ತದೆ. ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿದ್ದರೆ ಇನ್ನೂ ತಡ. ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಅಟ್ಟ ಮುಟ್ಟುವುದಕ್ಕೆ ಅಷ್ಟು ಹೊತ್ತು ಬೇಡ, ಕೆಲವೇ ನಿಮಿಷ ಸಾಕು.

ಈ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಠಾಣೆಯವರಿಗೇ. ಹಾಗಾಗಿಯೇ ಬೆಂಕಿ ಇಲ್ಲದ ದಿನಗಳಲ್ಲಿ ಅವರು ಶಾಲೆಯ ಮೈದಾನ, ಆಸ್ಪತ್ರೆಯ ಅಂಗಳ, ಹಾಲಿನ ಡೇರಿಯ ಮುಂದೆಲ್ಲ ಗಾಡಿ ನಿಲ್ಲಿಸಿ ಅಣಕು ಪ್ರದರ್ಶನ ಕೊಡುತ್ತಾರೆ. ನಾವು ನಿಂತು ನೋಡಿ, ಚಪ್ಪಾಳೆ ತಟ್ಟಿ, ಮನೆಗೆ ಬಂದು ಮರೆಯುತ್ತೇವೆ. ನಾನೂ ಎಷ್ಟೋ ವರ್ಷ ಹಾಗೆಯೇ ಮರೆತಿದ್ದೆ. ಅವರು ಹೇಳುವ ಒಂದೊಂದು ಮಾತಿಗೂ ಕಾರಣ ಇದೆ ಎಂದು ತಿಳಿದ ಮೇಲೆ ಮರೆಯುವುದು ನಿಂತಿತು. ಗಾಬರಿಯ ಹೊತ್ತಿನಲ್ಲಿ ಬಾಯಿಪಾಠ ಕೈಕೊಡುತ್ತದೆ, ಕಾರಣ ಗೊತ್ತಿದ್ದರೆ ಕೈ ತಾನೇ ಸರಿಯಾದ ಕಡೆ ಹೋಗುತ್ತದೆ. ಆ ಕಾರಣಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಪ್ರದರ್ಶನಗಳು ಹೆಚ್ಚು ನಡೆಯುವುದು ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ. ಆ ತಾರೀಕಿನ ಹಿಂದೆ ಒಂದು ದುರಂತ ಇದೆ. 1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಹತ್ತಿ ಅಂಡಿಗೆಗಳೂ ಸುಮಾರು 1,400 ಟನ್ ಸಿಡಿಮದ್ದೂ ಒಟ್ಟಿಗೇ ಇದ್ದವು. ಹತ್ತಿಗೆ ತಗುಲಿದ ಕಿಡಿ ಒಳಗೊಳಗೇ ಬೆಳೆಯಿತು. ನಂದಿಸಲು ಹೋದವರು ಹಡಗಿನ ಹತ್ತಿರ ಇದ್ದಾಗಲೇ ಅದು ಸ್ಫೋಟಿಸಿತು, 66 ಮಂದಿ ಅಗ್ನಿಶಾಮಕರು ಸತ್ತರು. ಸಪ್ತಾಹ ಅವರ ನೆನಪಿನದು. ಅಂಡಿಗೆಯೊಳಗೆ ಅಡಗಿ ಕೂತ ಆ ಬೆಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಹುಲ್ಲಿನ ಬಣವೆಯ ಹತ್ತಿರ ಮತ್ತೆ ಬೇಕಾಗುತ್ತದೆ.

ಎಣ್ಣೆಗೆ ಒಂದು ಲೋಟ ನೀರು

ಬೆಂಕಿ ಬದುಕುವುದಕ್ಕೆ ಮೂರು ಬೇಕು: ಉರಿಯುವ ವಸ್ತು, ಕಾವು, ಗಾಳಿ. ಮೂರರಲ್ಲಿ ಒಂದನ್ನು ಕಿತ್ತುಕೊಂಡರೆ ಆರುತ್ತದೆ. ಕಟ್ಟಿಗೆ, ಬಟ್ಟೆ, ಕಾಗದಕ್ಕೆ ನೀರು ಹಾಕಿದಾಗ ನಾವು ಕಿತ್ತುಕೊಳ್ಳುವುದು ಕಾವನ್ನು. ಇಷ್ಟು ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದು ಎಲ್ಲ ಬೆಂಕಿಗೂ ನೀರೇ ಮದ್ದು ಎಂದುಕೊಂಡಾಗ.

ಪ್ರದರ್ಶನದಲ್ಲಿ ಜನ ಬೆಚ್ಚಿಬೀಳುವುದು ಬಾಣಲೆಯ ಮುಂದೆ. ಮೈದಾನದ ನಡುವೆ ಎಣ್ಣೆ ಕಾಯಿಸಿ, ಅದು ತಾನಾಗಿಯೇ ಹೊತ್ತಿಕೊಳ್ಳುವ ತನಕ ಬಿಡುತ್ತಾರೆ. ಆಮೇಲೆ ಹೆಲ್ಮೆಟ್ಟು ಕೋಟು ತೊಟ್ಟ ಸಿಬ್ಬಂದಿಯೊಬ್ಬರು ಉದ್ದನೆಯ ಗಳುವಿನ ತುದಿಗೆ ಕಟ್ಟಿದ ಲೋಟದಿಂದ ನೀರು ಸುರಿಯುತ್ತಾರೆ. ಒಂದೇ ಲೋಟ. ಬೆಂಕಿ ಆಳೆತ್ತರ ಮೀರಿ ಮೇಲಕ್ಕೆ ಚಿಮ್ಮುತ್ತದೆ.

ಆಗುವುದು ಇಷ್ಟು. ನೀರು ಎಣ್ಣೆಗಿಂತ ಭಾರ, ಸೀದಾ ತಳಕ್ಕೆ ಇಳಿಯುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ. ಹೊತ್ತಿಕೊಂಡ ಎಣ್ಣೆಯ ಕಾವು 300 ಡಿಗ್ರಿ ದಾಟಿರುತ್ತದೆ. ತಳ ಸೇರಿದ ನೀರು ರೆಪ್ಪೆ ಬಡಿಯುವಷ್ಟರಲ್ಲಿ ಹಬೆಯಾಗುತ್ತದೆ, ಹಬೆಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಹಬೆ ಮೇಲಿರುವ ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಒಡೆದು ಗಾಳಿಗೆ ಎರಚುತ್ತದೆ. ಒಂದೊಂದು ಹನಿಗೂ ಸುತ್ತ ಬೇಕಾದಷ್ಟು ಗಾಳಿ ಸಿಕ್ಕಿ ಒಮ್ಮೆಲೇ ಧಗ್ಗೆನ್ನುತ್ತದೆ.

ಇಲ್ಲಿ ಕಿತ್ತುಕೊಳ್ಳಬೇಕಾದ್ದು ಗಾಳಿಯನ್ನು. ಒಲೆಯ ಗುಬುಟು ಕೈಗೆಟುಕಿದರೆ ಮೊದಲು ಅದನ್ನು ಆರಿಸಿ. ಬಾಣಲೆಗಿಂತ ದೊಡ್ಡ ತಟ್ಟೆಯನ್ನೋ ಮುಚ್ಚಳವನ್ನೋ ಮೈ ಮುಂದೆ ಅಡ್ಡ ಹಿಡಿದು ಪಕ್ಕದಿಂದ ಜಾರಿಸಿ ಮುಚ್ಚಿ. ಆರಿತೇ ಎಂದು ತಕ್ಷಣ ತೆಗೆದು ನೋಡಬೇಡಿ, ಎಣ್ಣೆ ಬಿಸಿಯಾಗಿಯೇ ಇರುತ್ತದೆ, ಗಾಳಿ ತಾಗಿದರೆ ಮತ್ತೆ ಹೊತ್ತುತ್ತದೆ. ಬಾಣಲೆ ಎತ್ತಿಕೊಂಡು ಹೊರಗೆ ಓಡುವುದಂತೂ ಬೇಡವೇ ಬೇಡ. ಗೌರಿ ಹಬ್ಬಕ್ಕೋ ದೀಪಾವಳಿಗೋ ಕಜ್ಜಾಯ, ಚಕ್ಕುಲಿ ಕರಿಯಲು ಕೂರುವಾಗ ಜಾಲರಿ ಸೌಟಿನ ಪಕ್ಕ ಒಂದು ಅಗಲ ಮುಚ್ಚಳ ಇಟ್ಟುಕೊಂಡರೆ ಈ ಪಾಠ ಪೂರ್ತಿ ಕಲಿತ ಹಾಗೆಯೇ.

ಸಿಲಿಂಡರಿನ ಬಾಯಲ್ಲಿ ಬೆಂಕಿ

ಸಿಲಿಂಡರಿಗೆ ಬೆಂಕಿ ಹತ್ತಿತು ಎಂದರೆ ಬಾಂಬಿನಂತೆ ಈಗಲೇ ಸಿಡಿಯುತ್ತದೆ ಎಂದು ಎಲ್ಲರೂ ಓಡುತ್ತಾರೆ. ಪ್ರದರ್ಶನದಲ್ಲಿ ಅಗ್ನಿಶಾಮಕರು ಉರಿಯುವ ಸಿಲಿಂಡರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒದ್ದೆ ಗೋಣಿಚೀಲ ಹೊದಿಸಿ, ಕೈಯಿಂದ ಬಾಯಿ ಮುಚ್ಚಿ ಆರಿಸಿಬಿಡುತ್ತಾರೆ. ಅದು ಬರೀ ಧೈರ್ಯದ ಕೆಲಸವಲ್ಲ. ಅಡುಗೆ ಅನಿಲ ಉರಿಯಬೇಕಾದರೆ ಗಾಳಿಯ ಜೊತೆ ಹದವಾಗಿ ಬೆರೆಯಬೇಕು, ನೂರು ಪಾಲಿನಲ್ಲಿ ಸುಮಾರು 2ರಿಂದ 9 ಪಾಲು. ಸಿಲಿಂಡರಿನ ಒಳಗೆ ಗಾಳಿಯೇ ಇಲ್ಲ. ಹಾಗಾಗಿ ಬಾಯಲ್ಲಿ ಉರಿಯುವ ಬೆಂಕಿ ಒಳಗೆ ನುಗ್ಗುವುದಿಲ್ಲ, ಹೊರಗೆ ಬಂದ ಅನಿಲ ಮಾತ್ರ ಉರಿಯುತ್ತದೆ.

ಹಾಗಾದರೆ ಅಪಾಯ ಎಲ್ಲಿ? ಎರಡು ಕಡೆ. ಒಂದು, ಉರಿಯದೆ ಸೋರುವ ಅನಿಲ. ಇದು ಬಾಯಲ್ಲಿ ಉರಿಯುವ ಅನಿಲಕ್ಕಿಂತ ಭಯಂಕರ. ಸಿಲಿಂಡರಿನಲ್ಲಿ ಇರುವುದು ಒತ್ತಡದಲ್ಲಿ ದ್ರವವಾದ ಅನಿಲ, ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಅನಿಲ ಆಗುತ್ತದೆ. ಅದು ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ನಿಂತವರ ಮೂಗಿಗೆ ವಾಸನೆ ಬಡಿಯುವ ಹೊತ್ತಿಗೆ ಪಾದದ ಸುತ್ತ ಅನಿಲ ತುಂಬಿರಬಹುದು. ಅನಿಲಕ್ಕೆ ತನ್ನದೇ ವಾಸನೆ ಇಲ್ಲ, ಸೋರಿದ್ದು ಗೊತ್ತಾಗಲಿ ಎಂದೇ ಆ ಕೊಳೆತ ನಾತದ ರಾಸಾಯನಿಕ ಬೆರೆಸಿರುತ್ತಾರೆ.

ವಾಸನೆ ಬಂದಾಗ ಕೈ ತಾನಾಗಿ ಸ್ವಿಚ್ಚಿನ ಕಡೆಗೇ ಹೋಗುತ್ತದೆ: ಫ್ಯಾನ್ ಹಾಕೋಣ, ಎಕ್ಸಾಸ್ಟ್ ಹಾಕೋಣ. ಅದೇ ತಪ್ಪು. ಸ್ವಿಚ್ ಹಾಕಿದಾಗಲೂ ಆರಿಸಿದಾಗಲೂ ಒಳಗೆ ಕಣ್ಣಿಗೆ ಕಾಣದ ಕಿಡಿ ಹಾರುತ್ತದೆ. ಕರೆಂಟಿನ ದೀಪ ಉರಿಯುತ್ತಿದ್ದರೆ ಉರಿಯಲಿ, ಆರಿದ್ದರೆ ಆರಿರಲಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಅನಿಲ ನೆಲದ ಮೇಲಿರುವುದರಿಂದ ಕಿಟಕಿಗಿಂತ ಬಾಗಿಲು ತೆರೆಯುವುದು ಹೆಚ್ಚು ಉಪಯೋಗ. ದೇವರ ದೀಪ, ಊದುಬತ್ತಿ ಉರಿಯುತ್ತಿದ್ದರೆ ನೆನಪಿನಿಂದ ಆರಿಸಿ. ಎಲ್ಲರನ್ನೂ ಹೊರಗೆ ಕಳಿಸಿ, ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ, ಅದು ಅನಿಲ ಸೋರಿಕೆಗೇ ಇರುವ ಸಹಾಯವಾಣಿ. ಸೋರಿಕೆ ಸಿಲಿಂಡರಿನ ಬಾಯಲ್ಲೇ ಆದರೆ ರೆಗ್ಯುಲೇಟರ್ ತೆಗೆದು, ದಾರದಲ್ಲಿ ನೇತಾಡುವ ಬಿಳಿ ಪ್ಲಾಸ್ಟಿಕ್ ಮುಚ್ಚಳವನ್ನು ಒತ್ತಿ ಕೂರಿಸಿದರೆ ಸೋರುವುದು ನಿಲ್ಲುತ್ತದೆ. ಆ ಮುಚ್ಚಳವನ್ನು ದಯವಿಟ್ಟು ಕಿತ್ತು ಬಿಸಾಡಬೇಡಿ. ಅದಿರುವುದು ಇದಕ್ಕಾಗಿಯೇ.

ಎರಡನೆಯ ಅಪಾಯ, ಸುತ್ತಲಿನ ಬೆಂಕಿ ಸಿಲಿಂಡರಿನ ಮೈಯನ್ನು ಕಾಯಿಸುವುದು. ಕಾದಷ್ಟೂ ಒಳಗಿನ ಒತ್ತಡ ಏರುತ್ತದೆ, ತಗಡು ಮೆದುವಾಗುತ್ತದೆ, ಕೊನೆಗೆ ಸೀಳುತ್ತದೆ. ಆದ್ದರಿಂದ ಬಾಯಲ್ಲಿ ಮಾತ್ರ ಚಿಕ್ಕ ಉರಿ ಇದ್ದರೆ ಒದ್ದೆ ದಪ್ಪ ಬಟ್ಟೆ ಹಾಕಿ ತಕ್ಷಣ ರೆಗ್ಯುಲೇಟರ್ ತಿರುಗಿಸಿ. ತಿರುಗಿಸಲು ಆಗದಿದ್ದರೆ, ಅಥವಾ ಸಿಲಿಂಡರಿನ ಸುತ್ತಲೇ ಬೆಂಕಿ ಎದ್ದಿದ್ದರೆ, ಸಾಹಸ ಬೇಡ. ಜನರನ್ನು ದೂರ ಕರೆದೊಯ್ಯಿರಿ.

ಸಿಲಿಂಡರನ್ನು ನೇರವಾಗಿಯೇ ನಿಲ್ಲಿಸಬೇಕು ಎನ್ನುವುದಕ್ಕೂ ಕಾರಣ ಇದೆ. ನೇರ ನಿಂತಾಗ ದ್ರವ ಕೆಳಗೆ, ಅನಿಲ ಮೇಲೆ. ಮುಗಿಯುತ್ತಾ ಬಂತೆಂದು ಅಡ್ಡ ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ರಬ್ಬರ್ ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸಿ, ಬಿರುಕು ಕಂಡರೆ ಮೊದಲೇ. ಸಿಲಿಂಡರಿನ ಹಿಡಿಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಮತ್ತು ಡಿ ಹೀಗೆಯೇ ಮುಂದಿನ ಮೂರು ಮೂರು ತಿಂಗಳು. ‘ಬಿ 28’ ಎಂದಿದ್ದರೆ 2028ರ ಜೂನ್ ಒಳಗೆ ಅದನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು. ಅವಧಿ ಮೀರಿದ್ದನ್ನು ಮನೆಗೆ ತಂದರೆ ವಾಪಸ್ ಕಳಿಸುವ ಹಕ್ಕು ನಿಮ್ಮದು.

ಮೈಮೇಲೆ ಬೆಂಕಿ

ಬಟ್ಟೆಗೆ ಬೆಂಕಿ ತಗುಲಿದವರು ಓಡುತ್ತಾರೆ. ಓಡಿದಷ್ಟೂ ಗಾಳಿ ಸಿಗುತ್ತದೆ. ಬೆಂಕಿ ಯಾವಾಗಲೂ ಮೇಲಕ್ಕೆ ಏರುವುದರಿಂದ ನಿಂತವರ ಮುಖಕ್ಕೆ, ಉಸಿರಿಗೆ ಬೇಗ ಮುಟ್ಟುತ್ತದೆ. ಅದಕ್ಕೇ ನಿಲ್ಲು, ಮಲಗು, ಉರುಳು ಎಂದು ಮಕ್ಕಳಿಗೆ ಹೇಳಿಕೊಡುವುದು. ಪಕ್ಕದಲ್ಲಿದ್ದವರು ಕಂಬಳಿ ಹೊದಿಸಬೇಕು. ಕುರಿ ಉಣ್ಣೆಯ ನಮ್ಮ ಕರಿಕಂಬಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ, ಉಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ, ಕರಗಿ ಅಂಟುವುದೂ ಇಲ್ಲ. ಪಾಲಿಯೆಸ್ಟರ್ ಹೊದಿಕೆ, ನೈಲಾನ್ ನೈಟಿ ಕರಗಿ ಚರ್ಮಕ್ಕೆ ಅಂಟುತ್ತವೆ. ಒಲೆಯ ಮುಂದೆ ಹತ್ತಿ ಬಟ್ಟೆ ತೊಡಿ ಎನ್ನುವುದು ಇದಕ್ಕಾಗಿ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಮೈಗೆ ಹತ್ತುವುದಿಲ್ಲ.

ಸುಟ್ಟ ಜಾಗವನ್ನು 20 ನಿಮಿಷ ತಣ್ಣನೆ ಹರಿಯುವ ನೀರಿನಡಿ ಹಿಡಿಯಿರಿ. ಬೆಂಕಿ ಆರಿದರೂ ಚರ್ಮದ ಒಳಗಿನ ಕಾವು ಬೇಯಿಸುತ್ತಲೇ ಇರುತ್ತದೆ, ನೀರು ಅದನ್ನು ಎಳೆದುಕೊಳ್ಳುತ್ತದೆ. ಇಂಕು, ಟೂತ್‌ಪೇಸ್ಟ್, ದೋಸೆ ಹಿಟ್ಟು, ಅರಿಶಿನ ಏನೂ ಬೇಡ. ಕಾವು ಒಳಗೇ ಉಳಿಯುತ್ತದೆ, ಡಾಕ್ಟರು ಅದನ್ನು ಕೆರೆದು ತೆಗೆಯುವಾಗ ಆಗುವ ನೋವು ಸುಟ್ಟ ನೋವಿಗಿಂತ ಹೆಚ್ಚು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ.

ಹೊಗೆ ಮೊದಲು ಬರುತ್ತದೆ

ಕಟ್ಟಡದ ಬೆಂಕಿಯಲ್ಲಿ ಹೆಚ್ಚು ಜನರನ್ನು ಕೊಲ್ಲುವುದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಎದ್ದದ್ದು ವಿದ್ಯುತ್ ತಂತಿಗಳು ಹಾಯುವ ಸುರಂಗದಂಥ ಜಾಗದಲ್ಲಿ. ಹೊಗೆ ಅದೇ ದಾರಿಯಲ್ಲಿ ಮೇಲಿನ ಮಹಡಿಗಳಿಗೆ ಏರಿತು. ಉಸಿರು ಕಟ್ಟಿದವರು ಕಿಟಕಿ ಒಡೆದರು, ಕೆಲವರು ಕೆಳಗೆ ಹಾರಿದರು. 9 ಮಂದಿ ಸತ್ತರು. ಮಕ್ಕಳನ್ನೂ ಬಂಧುಗಳನ್ನೂ ಕಳೆದುಕೊಂಡವರು ಸೇರಿ ಕಟ್ಟಿದ ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಸ್ಥೆ ಅಂದಿನಿಂದ ಅಗ್ನಿ ಸುರಕ್ಷತೆಗಾಗಿ ಕೆಲಸ ಮಾಡುತ್ತಿದೆ.

ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿಯುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದ್ದವರು ಎಚ್ಚರವಾಗದೆ ಹೋಗುವುದು ಹೀಗೆ. ಬಿಸಿ ಹೊಗೆ ಸೂರಿಗೆ ಏರಿ ಅಲ್ಲಿಂದ ಕೆಳಕ್ಕೆ ತುಂಬುತ್ತಾ ಬರುತ್ತದೆ, ಒಳ್ಳೆಯ ಗಾಳಿ ಕೊನೆಯ ತನಕ ಉಳಿಯುವುದು ನೆಲದ ಹತ್ತಿರ. ಅದಕ್ಕೇ ಅಂಬೆಗಾಲಿಟ್ಟು ಹೋಗಿ ಎನ್ನುತ್ತಾರೆ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ, ಬಾಗಿಲಿನ ಸಂದಿಗೆ ಒದ್ದೆ ಬಟ್ಟೆ ತುರುಕಿ ಕಿಟಕಿಯಿಂದ ಕೈ ಬೀಸಿ. ಲಿಫ್ಟ್ ಹತ್ತಬೇಡಿ: ಕರೆಂಟು ಹೋದರೆ ನಡುವೆ ನಿಲ್ಲುತ್ತದೆ, ಅದು ಏರಿಳಿಯುವ ಉದ್ದನೆಯ ಗೂಡೇ ಹೊಗೆಗೆ ಚಿಮಣಿ.

ಹಳ್ಳಿಯವರಿಗೆ ಇದೆಲ್ಲ ಪಟ್ಟಣದ ಮಾತು ಅನ್ನಿಸಬಹುದು. ಆದರೆ ಚಳಿಗಾಲದಲ್ಲಿ ಬಾಣಂತಿ ಕೋಣೆಯ ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಅಗ್ಗಿಷ್ಟಿಕೆ ಇಡುತ್ತೇವಲ್ಲ, ಆ ಕೆಂಡದಿಂದ ಬರುವುದೂ ಇದೇ ಅನಿಲ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿನಿಂದ ಬರುವುದೂ ಇದೇ. ತಾಯಿ ಮಗುವಿಗೆ ಬೆಚ್ಚಗಿರಲಿ ಎಂಬ ಅಕ್ಕರೆಯಿಂದ ಮಾಡುವ ಕೆಲಸ ಇದು, ಆದ್ದರಿಂದಲೇ ಹಿರಿಯರಿಗೆ ಕೂತು ಹೇಳಬೇಕು. ಕೆಂಡ ಇಟ್ಟರೆ ಕಿಟಕಿ ತೆರೆದಿರಲಿ, ನಿದ್ದೆಗೆ ಮೊದಲು ಅಗ್ಗಿಷ್ಟಿಕೆ ಅಂಗಳಕ್ಕೆ ಹೋಗಲಿ.

ಇತ್ತೀಚೆಗೆ ಸೇರಿದ ಇನ್ನೊಂದು ಮಾತು ಎಲೆಕ್ಟ್ರಿಕ್ ಸ್ಕೂಟರಿನದು. ಲಿಥಿಯಂ ಬ್ಯಾಟರಿಯ ಒಂದು ಕೋಶ ಕೆಟ್ಟು ಕಾದರೆ ಪಕ್ಕದ ಕೋಶವನ್ನು ಕಾಯಿಸುತ್ತದೆ, ಅದು ಮುಂದಿನದನ್ನು. ಆ ಸರಪಳಿಯನ್ನು ಮನೆಯ ಬಕೆಟ್ಟಿನಿಂದ ನಿಲ್ಲಿಸಲಾಗದು. ಮನೆಗೆ ಇರುವುದೊಂದೇ ಮೆಟ್ಟಿಲಾದರೆ ಅದರ ಕೆಳಗೆ ರಾತ್ರಿ ಚಾರ್ಜಿಗೆ ಹಾಕಬೇಡಿ. ಬೆಂಕಿ ಎದ್ದರೆ ಮೇಲಿನವರು ಇಳಿಯುವ ದಾರಿಯೇ ಹೋಗುತ್ತದೆ.

ಬಣವೆಯ ಒಳಗೆ

ನಮ್ಮ ಕಡೆ ಠಾಣೆಗೆ ಬೇಸಿಗೆಯಲ್ಲಿ ಹೋಗುವ ಕರೆಗಳೆಂದರೆ ಹುಲ್ಲಿನ ಬಣವೆ, ತೆಂಗಿನ ತೋಟದ ಒಣಹುಲ್ಲು, ಕಬ್ಬಿನ ಗದ್ದೆ. ಬಣವೆ ಸುಟ್ಟರೆ ಸುಡುವುದು ವರ್ಷದ ಮೇವು. ಹಸು ಕಟ್ಟಿದ ಮನೆಯವರಿಗೆ ಅದರ ನೋವು ಹೇಳಬೇಕಾಗಿಲ್ಲ.

ಬಣವೆಯ ಮೇಲೆ ಎಷ್ಟು ನೀರು ಹೊಡೆದರೂ ಗಂಟೆಗಟ್ಟಲೆ ಹೊಗೆ ನಿಲ್ಲುವುದಿಲ್ಲ. ಒತ್ತಿ ಒಟ್ಟಿದ ರಾಗಿ ಹುಲ್ಲು, ನೆಲ್ಲು ಹುಲ್ಲು ಮಳೆನೀರು ಒಳಗೆ ಇಳಿಯದಂತೆಯೇ ಒಟ್ಟಿದ್ದು, ಪೈಪಿನ ನೀರೂ ಹೊರಗಿಂದ ಜಾರಿ ಹೋಗುತ್ತದೆ. ಒಳಗೆ ಬೊಂಬಾಯಿಯ ಹತ್ತಿ ಅಂಡಿಗೆಯಲ್ಲಿ ಆದಂತೆ ಉರಿಯಿಲ್ಲದ ಕಾವು ಕೂತಿರುತ್ತದೆ. ಗಾಡಿಯ ನೀರಿನ ಲೆಕ್ಕವನ್ನೂ ನೋಡಿ: ಒಂದು ಪೈಪಿನಿಂದ ನಿಮಿಷಕ್ಕೆ ನಾನೂರು ಐನೂರು ಲೀಟರ್ ಹೋದರೆ ಇಡೀ ಟ್ಯಾಂಕು ಹತ್ತೇ ನಿಮಿಷದ್ದು. ಅದಕ್ಕೇ ಠಾಣೆಯವರು ಬಂದ ಕೂಡಲೇ ಜೆಸಿಬಿ ಕೇಳುತ್ತಾರೆ, ಬಣವೆ ಎಳೆದು ಹರಡಿ ಪದರಪದರವಾಗಿ ನೆನೆಸಿದರೆ ಮಾತ್ರ ಆರುತ್ತದೆ. ಮೇವು ಹಾಳು ಮಾಡುತ್ತಿದ್ದಾರೆ ಎಂದು ಆ ಹೊತ್ತಿನಲ್ಲಿ ಅವರೊಡನೆ ಜಗಳಕ್ಕೆ ಇಳಿಯುವುದನ್ನು ನೋಡಿದ್ದೇನೆ, ಮನಸ್ಸಿಗೆ ಕಷ್ಟವಾಗುತ್ತದೆ. ಅವರು ಉಳಿಸಲು ಹೆಣಗುತ್ತಿರುವುದು ಪಕ್ಕದ ಬಣವೆಯನ್ನು, ಅದರಾಚೆಯ ಕೊಟ್ಟಿಗೆಯನ್ನು.

ಬೆಂಕಿ ಹೆಚ್ಚಾಗಿ ಬರುವುದು ಮೇಲಿನಿಂದ. ಜೋತುಬಿದ್ದ ವಿದ್ಯುತ್ ತಂತಿ, ಅದರಡಿಯಲ್ಲಿ ಗೋಪುರದಂತೆ ಹುಲ್ಲು ಹೇರಿದ ಟ್ರ್ಯಾಕ್ಟರ್. ತಂತಿ ಹಾಯುವ ದಾರಿಯಲ್ಲಿ ಹೇರು ತಗ್ಗಿಸಿ, ತಂತಿಯಡಿ ಬಣವೆ ಒಟ್ಟಬೇಡಿ, ಜೋತ ತಂತಿ ಕಂಡರೆ 1912ಕ್ಕೆ ದೂರು ಕೊಡಿ. ಪೂರ್ತಿ ಒಣಗದ ಹುಲ್ಲನ್ನು ಒಟ್ಟಿದರೆ ಒಳಗೆ ಸೂಕ್ಷ್ಮಜೀವಿಗಳು ಕೆಲಸ ಮಾಡಿ ತಾನಾಗಿಯೇ ಕಾವೇರುತ್ತದೆ. ತಿಪ್ಪೆಯ ಒಳಗೆ ಕೈ ಹಾಕಿದವರಿಗೆ ಆ ಬಿಸಿ ಗೊತ್ತು. ಎಲ್ಲ ಮನೆಗಳ ಬಣವೆಗಳನ್ನು ಒಂದೇ ಕಣದಲ್ಲಿ ಸಾಲಾಗಿ ಒಟ್ಟುವ ಪದ್ಧತಿ ನೋಡಲು ಚೆಂದ, ಆದರೆ ಒಂದು ಹತ್ತಿದರೆ ಊರಿನ ಮೇವೇ ಹೋಗುತ್ತದೆ. ಬದುವಿನ ಹುಲ್ಲಿಗೆ ಬೆಂಕಿ ಇಡಲೇಬೇಕು ಎನ್ನುವವರು ಗಾಳಿ ಇಲ್ಲದ ಬೆಳಗ್ಗೆ, ಸುತ್ತ ನೆಲ ಕೆರೆದು, ಆರುವ ತನಕ ಅಲ್ಲೇ ನಿಲ್ಲಲಿ. ಮಧ್ಯಾಹ್ನದ ಗಾಳಿಗೆ ಹಾರಿದ ಒಂದು ಕಿಡಿ ಪಕ್ಕದ ತೋಟದ ಹನಿ ನೀರಾವರಿ ಪೈಪನ್ನೆಲ್ಲ ಕರಗಿಸುತ್ತದೆ.

ಹಳೆಯ ಬಾವಿ

ಇಲಾಖೆಯ ಹೆಸರಿನಲ್ಲಿ ಅಗ್ನಿಶಾಮಕ ಎಂಬುದರ ಜೊತೆಗೆ ತುರ್ತು ಸೇವೆಗಳು ಎಂಬುದೂ ಸೇರಿದೆ. ಬಾವಿಗೆ ಬಿದ್ದ ಹಸುವನ್ನು ಹಗ್ಗದ ಜೋಲಿಯಲ್ಲಿ ಎತ್ತುವವರು, ನೆರೆಯಲ್ಲಿ ದೋಣಿ ತರುವವರು, ಅಪಘಾತದ ಲಾರಿಯನ್ನು ಕತ್ತರಿಸಿ ಚಾಲಕನನ್ನು ಬಿಡಿಸುವವರು ಇವರೇ. ಇದರಲ್ಲಿ ಬಾವಿಯ ಮಾತನ್ನು ಒತ್ತಿ ಹೇಳಬೇಕು. ಎಷ್ಟೋ ಕಾಲ ಮುಚ್ಚಿದ್ದ ಬಾವಿ, ಗುಂಡಿ, ಮ್ಯಾನ್‌ಹೋಲಿನ ತಳದಲ್ಲಿ ಆಮ್ಲಜನಕ ಇರುವುದಿಲ್ಲ, ಕೊಳೆತ ವಸ್ತುವಿನ ವಿಷಗಾಳಿ ಇರುತ್ತದೆ. ಇಳಿದವರು ಒಂದೆರಡು ಉಸಿರಿಗೆ ಕುಸಿಯುತ್ತಾರೆ. ಅವರನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನ ಹಿಂದೆ ಪಕ್ಕದ ಮನೆಯವನು. ಒಂದು ಸಾವು ಮೂರಾಗುವುದು ಹೀಗೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಇರುವವರು ಮಾತ್ರ ಇಳಿಯಬೇಕು. ನಾವು ಮೇಲೆ ನಿಂತು ಹಗ್ಗ ಇಳಿಬಿಟ್ಟು ಕೂಗಬಹುದು. ಎಷ್ಟೇ ಕರುಳು ಹಿಂಡಿದರೂ ಇಳಿಯಬಾರದು.

101ಕ್ಕೆ ಫೋನ್ ಮಾಡುವಾಗ

101 ಆಗಲಿ 112 ಆಗಲಿ, ಎರಡೂ ನಡೆಯುತ್ತದೆ. ‘ಬೆಂಕಿ ಬಿದ್ದಿದೆ, ಬೇಗ ಬನ್ನಿ’ ಎಂದು ಫೋನ್ ಇಟ್ಟುಬಿಡುವುದು ಸಾಮಾನ್ಯ. ಊರು, ಹೋಬಳಿ, ಹತ್ತಿರದ ಗುರುತು, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ, ಇಷ್ಟನ್ನು ಹೇಳಿ. ಒಂದೇ ಹೆಸರಿನ ಎರಡು ಊರು ಒಂದೇ ತಾಲ್ಲೂಕಿನಲ್ಲಿ ಇರುತ್ತವೆ. ಠಾಣೆಯವರು ತಿರುಗಿ ಫೋನ್ ಮಾಡಬಹುದು, ಆ ನಂಬರನ್ನು ಬಿಡುವಾಗಿಡಿ. ಹುಡುಗನೊಬ್ಬನನ್ನು ಬೈಕಿನಲ್ಲಿ ಮುಖ್ಯರಸ್ತೆಯ ಕೈಮರದ ಹತ್ತಿರ ನಿಲ್ಲಿಸಿ. ವಿದ್ಯುತ್ ಬೆಂಕಿಯಾದರೆ ಮೇನ್ ಸ್ವಿಚ್ ಆರಿಸುವ ತನಕ ನೀರು ಮುಟ್ಟಿಸಬೇಡಿ. ಬೆಂಕಿ ಆರಿಸಿದ್ದಕ್ಕೆ ದುಡ್ಡು ಕೇಳುವುದಿಲ್ಲ, ಆ ಅಂಜಿಕೆಯಿಂದ ಯಾರೂ ತಡ ಮಾಡಬೇಕಾಗಿಲ್ಲ.

ನಮ್ಮೂರ ಶಾಲೆಯ ಮುಖ್ಯೋಪಾಧ್ಯಾಯರು ಠಾಣೆಗೆ ಒಂದು ಪತ್ರ ಬರೆದುಕೊಟ್ಟರು, ಪ್ರದರ್ಶನ ನಡೆದದ್ದು ಅಷ್ಟರಿಂದಲೇ. ಅದು ಮುಗಿದ ಮೇಲೆ ಸಿಬ್ಬಂದಿ ಊರೊಳಗೆ ಒಂದು ಸುತ್ತು ನಡೆದರು. ಎರಡು ಓಣಿಗಳಲ್ಲಿ ಗಾಡಿ ತಿರುಗುವುದಿಲ್ಲ ಎಂದು ಅವತ್ತು ನಮಗೂ ಅವರಿಗೂ ಗೊತ್ತಾಯಿತು. ಒಂದು ಕಡೆ ಅಡ್ಡ ಇದ್ದ ಕಲ್ಲುಕಂಬವನ್ನು ಮರುವಾರ ಕಿತ್ತೆವು. ಕೆರೆಗೆ ಗಾಡಿ ಇಳಿಯುವ ಜಾಗ ಯಾವುದು, ಟ್ಯಾಂಕು ತುಂಬಿಸಲು ಯಾರ ತೋಟದ ಬೋರ್‌ವೆಲ್ ಹತ್ತಿರ, ಆ ತೋಟದವರ ನಂಬರ್ ಏನು, ಜೆಸಿಬಿ ಯಾರ ಹತ್ತಿರ ಇದೆ ಎಂದೆಲ್ಲ ಬರೆದುಕೊಂಡೆವು. ಈಗ ಅದು ಹಾಲಿನ ಡೇರಿಯ ಗೋಡೆಯ ಮೇಲೆ ಇದೆ, 101ರ ಕೆಳಗೆ, ದಪ್ಪ ಅಕ್ಷರದಲ್ಲಿ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವ ಪ್ರತಿ ಮನೆಯವರೂ ಅದರ ಮುಂದೆ ಸಾಲಾಗಿ ನಿಲ್ಲುತ್ತಾರೆ.